ಮಾಲಿಯ ಮೈಮೇಲೆ ಯಾರ ಬಟ್ಟೆ?

ಮುಂಬಯಿ, ಪುಣೆ, ಹೈದರಾಬಾದುಗಳ ವಸತಿ ಸಂಕೀರ್ಣಗಳಲ್ಲಿ ಬದುಕುವ ನಾವು ತೋಟದ ಬಗೆಗೆ ಬಹಳ ಮಾತನಾಡುತ್ತೇವೆ. ಎಲೆಗೊಬ್ಬರ ಬೇಕು, ರಾಸಾಯನಿಕ ಬೇಡ, ಪ್ಲಾಸ್ಟಿಕ್ ಚೀಲ ಕೂಡದು ಎಂದು ಸೊಸೈಟಿಯ ಸಭೆಗಳಲ್ಲಿ ನಿರ್ಣಯಿಸುತ್ತೇವೆ. ಆದರೆ ಅದೇ ತೋಟದಲ್ಲಿ ದಿನವಿಡೀ ಕುಕ್ಕರಗಾಲಿನಲ್ಲಿ ಕುಳಿತು ಕಳೆ ಕೀಳುವವರು ಏನು ತೊಟ್ಟಿದ್ದಾರೆಂಬುದು ನಮ್ಮ ಪರಿಸರ ಚಿಂತನೆಯ ಹೊರಗೇ ಉಳಿದಿದೆ.

ಅವರು ತೊಟ್ಟಿರುವುದು ಬಹುಪಾಲು ಕಾವಲುಗಾರರ ಅಳತೆಯ ಪಾಲಿಯೆಸ್ಟರ್ ಅಂಗಿ-ಪ್ಯಾಂಟು, ಬಣ್ಣವಷ್ಟೇ ಹಸಿರು. ಸಮವಸ್ತ್ರವೆನ್ನುತ್ತೇವೆ. ಗೇಟಿನಲ್ಲಿ ನಿಲ್ಲುವ ಕೆಲಸವೂ ಮಣ್ಣಿಗೆ ಬಾಗುವ ಕೆಲಸವೂ ಯಾವ ಲೆಕ್ಕದಲ್ಲಿ ಸಮ? ಕೈ ಎತ್ತಿದರೆ ಕಂಕುಳಲ್ಲಿ ಜಗ್ಗುವ, ಕುಳಿತರೆ ಮಂಡಿಯಲ್ಲಿ ಬಿಗಿಯುವ, ಕತ್ತರಿ ಇಡಲು ಜೇಬಿಲ್ಲದ ಈ ಉಡುಪು ನೋಡುವವರ ಕಣ್ಣಿಗಾಗಿ ಹೊಲಿದದ್ದು, ದುಡಿಯುವವರ ಮೈಗಾಗಿ ಅಲ್ಲ.

ನೂಲಿನ ಗುಣವನ್ನೇ ನೋಡೋಣ. ಸಾಮಾನ್ಯ ಹವೆಯಲ್ಲಿ ಹತ್ತಿ ತನ್ನ ತೂಕದ ಸುಮಾರು ಶೇ. 8ರಷ್ಟು ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ, ಪಾಲಿಯೆಸ್ಟರ್ ಶೇ. 0.4ರಷ್ಟನ್ನು ಮಾತ್ರ. ಮೇ ತಿಂಗಳ ಬಿಸಿಲಿನಲ್ಲಿ ಈ ಅಂತರವನ್ನು ಅನುಭವಿಸುವುದು ಮಾಲಿಯ ಬೆನ್ನು. ಜೊತೆಗೆ, ಒಗೆದಾಗಲೆಲ್ಲ ಆ ಬಟ್ಟೆಯಿಂದ ಪ್ಲಾಸ್ಟಿಕ್ಕಿನ ಸೂಕ್ಷ್ಮ ಎಳೆಗಳು ಉದುರಿ ನೀರಿಗೆ ಸೇರುತ್ತವೆ. ಚೀಲವನ್ನು ನಿಷೇಧಿಸಿದ ನಾವೇ ಪ್ಲಾಸ್ಟಿಕ್ಕನ್ನು ಇನ್ನೊಬ್ಬರ ಮೈಗೆ ತೊಡಿಸಿದ್ದೇವೆ.

ಪಾಲಿಯೆಸ್ಟರ್ ಅಗ್ಗ, ಬಾಳಿಕೆ ಹೆಚ್ಚು, ಬೇಗ ಒಣಗುತ್ತದೆ ಎಂಬ ವಾದವುಂಟು. ಸುಳ್ಳಲ್ಲ; ಮುಂಬಯಿಯ ಆಷಾಢದಲ್ಲಿ ಒದ್ದೆ ಹತ್ತಿ ಎರಡು ದಿನವಾದರೂ ಒಣಗದು. ಆದರೆ ಅದಕ್ಕೆ ಪರಿಹಾರ ಇನ್ನೊಂದು ಜೊತೆ ಬಟ್ಟೆ ಕೊಡುವುದೇ ಹೊರತು, ವರ್ಷವಿಡೀ ಬೆವರಿನಲ್ಲಿ ಬೇಯಿಸುವುದಲ್ಲ. ಹತ್ತಿಯೂ ನೀರು, ಕೀಟನಾಶಕ ಬೇಡುವ ಬೆಳೆಯಲ್ಲವೇ ಎಂದು ಕೇಳುವವರಿಗೆ ಧಾರವಾಡ ಸೀಮೆಯ ಎರೆಭೂಮಿಯ ಜಯಧರ ಹತ್ತಿಯನ್ನು ನೆನಪಿಸಬೇಕು. ಮಳೆಯನ್ನೇ ನಂಬಿ ಬೆಳೆಯುವ ಆ ದೇಸಿ ತಳಿ 2002ರ ನಂತರ ಬಂದ ಬಿಟಿ ಹತ್ತಿಯ ಅಬ್ಬರದಲ್ಲಿ ಮೂಲೆಗೆ ಸರಿಯಿತು. ದುಡಿಮೆಯ ದಪ್ಪ ಬಟ್ಟೆಗೆ ಬೇಡಿಕೆ ಹುಟ್ಟಿದರೆ ಅಂಥ ತಳಿಗೂ ಕೈಮಗ್ಗಕ್ಕೂ ಆಸರೆಯಾದೀತು.

ವಿನ್ಯಾಸಕ್ಕಾಗಿಯೂ ದೂರ ಹೋಗಬೇಕಿಲ್ಲ. ನಮ್ಮಲ್ಲಿ ಅನೇಕರು ಬಿಟ್ಟುಬಂದ ಊರುಗಳಲ್ಲಿಯೇ ಅದಿದೆ. ತುಳುನಾಡಿನ ಅಡಕೆ ಹಾಳೆಯ ಟೊಪ್ಪಿ ಬಿಸಿಲನ್ನು ತಡೆಯುತ್ತದೆ, ತಲೆಹೊರೆಯನ್ನು ತಾಳುತ್ತದೆ, ಸವೆದ ಮೇಲೆ ಗೊಬ್ಬರವಾಗುತ್ತದೆ. ಮಲೆನಾಡಿನ ಗೊರಬು ಬಾಗಿದ ಬೆನ್ನನ್ನು ಮಳೆಯಿಂದ ಕಾಯುತ್ತಲೇ ಎರಡೂ ಕೈಗಳನ್ನು ನಾಟಿಗೆ ಬಿಟ್ಟುಕೊಡುತ್ತದೆ. ಸೀರೆಯ ಮೇಲೆ ಗಂಡನ ಹಳೆಯ ತುಂಬುತೋಳಿನ ಶರ್ಟು ತೊಟ್ಟು ಹೊಲಕ್ಕಿಳಿಯುವ ಹೆಂಗಸು ಬಿಸಿಲಿಗೂ ಗರಿಯ ಅಲಗಿಗೂ ತಾನೇ ಉತ್ತರ ಕಂಡುಕೊಂಡಿದ್ದಾಳೆ. ಇವನ್ನು ವಿನ್ಯಾಸವೆಂದು ಯಾರೂ ಕರೆಯಲಿಲ್ಲ. ಬಾಲ್ಕನಿಯಲ್ಲಿ ನಾಲ್ಕು ಕುಂಡ ಇಟ್ಟವರಿಗೆ ಮಾರುವ ದುಬಾರಿ ಏಪ್ರನ್ನಿಗೆ ಮಾತ್ರ ಆ ಹೆಸರು ಸಲ್ಲುತ್ತದೆ.

ನಮ್ಮ ಬೇಡಿಕೆ ಸರಳವಾದುದು. ಮಂಡಿಗೆ ಎರಡು ಪದರ, ಕಂಕುಳಲ್ಲಿ ಸಡಿಲ, ಮುಳ್ಳಿಗೆ ಹೆದರದ ತುಂಬುತೋಳು, ತೊಡೆಯ ಪಕ್ಕ ಕತ್ತರಿಗೊಂದು ಗಟ್ಟಿ ಜೇಬು, ಹರಿದಲ್ಲಿ ತೇಪೆ ಹಾಕಬಲ್ಲ ಹತ್ತಿಬಟ್ಟೆ, ಮಳೆಗೆ ಬೇರೆಯೇ ಹೊದಿಕೆ. ಹೆಂಗಸರಿಗೆ ಅವರದೇ ಅಳತೆ. ಇಷ್ಟನ್ನು ಬೀದಿಯ ದರ್ಜಿಯೇ ಹೊಲಿದುಕೊಟ್ಟಾನು. ಸಮವಸ್ತ್ರವನ್ನು ಆರಿಸುವ ಸಮಿತಿಗಳಲ್ಲಿ ಕೂತವರು, ಅವನ್ನು ಚುನಾಯಿಸಿದವರು ನಾವೇ. ಮುಂದಿನ ಸಭೆಯಲ್ಲಿ ಬಣ್ಣದ ಚರ್ಚೆಯನ್ನು ಬದಿಗಿಟ್ಟು ಮಾಲಿಗಳನ್ನು ಒಳಗೆ ಕರೆದು, ಕುರ್ಚಿ ಕೊಟ್ಟು, ಬಟ್ಟೆ ಎಲ್ಲಿ ಬಿಗಿಯುತ್ತದೆಂದು ಕೇಳೋಣ. ಅಳತೆ ಅಲ್ಲಿಂದ ಆರಂಭವಾಗಲಿ.