ಆಟ–ಆರೋಗ್ಯ: ಬೀಸುವ ಮೊದಲು ಮೊಣಕೈ ನೋಡಿ

ಗಾಲ್ಫ್ ಕೋಲನ್ನು ಹಿಡಿಯುವ ಕ್ರಮವನ್ನು ಕಳೆದ ಸಂಚಿಕೆಯಲ್ಲಿ ತಿಳಿಸಿದ್ದೆವು. ಅದನ್ನು ಓದಿದ ಕೆಲವು ವಾಚಕರು ಹೆಚ್ಚುಕಡಿಮೆ ಒಂದೇ ಪ್ರಶ್ನೆ ಕೇಳಿದ್ದಾರೆ. ಹಿಡಿತ ಸರಿಯಾಗಿದೆ, ಆದರೂ ಚೆಂಡು ಬಲಕ್ಕೆ ತಿರುಗಿ ಗಿಡಗಳ ಪಾಲಾಗುತ್ತದೆ. ಭಾನುವಾರ ಆಡಿದರೆ ಸೋಮವಾರ ಅಂಗಡಿಯಲ್ಲಿ ಮೊಣಕೈ ನೋಯುತ್ತದೆ. ಹೊಸ ಕ್ಲಬ್ ಕೊಳ್ಳಬೇಕೆ? ಇದು ಅವರ ಪ್ರಶ್ನೆಯ ಸಾರ.

ಕೊಳ್ಳುವುದು ಆಮೇಲಿನ ಮಾತು. ಒಂದು ಕಾಸೂ ಖರ್ಚಿಲ್ಲದೆ ನೋಡಬೇಕಾದ ಸಂಗತಿ ಮೊದಲೊಂದಿದೆ. ಚೆಂಡಿನ ಮುಂದೆ ನಿಂತಾಗ, ಕೋಲು ಇನ್ನೂ ಅಲುಗುವ ಮೊದಲು, ನಿಮ್ಮ ತೋಳು ಮತ್ತು ಮೊಣಕೈಗಳು ಹೇಗಿವೆ? ಇದಕ್ಕೆ ಬಲ ಬೇಡ, ವೇಗ ಬೇಡ, ಎಳೆಯ ವಯಸ್ಸೂ ಬೇಡ. ಇಡೀ ಆಟದಲ್ಲಿ ನಾವು ಸಾವಕಾಶವಾಗಿ ಸರಿಪಡಿಸಿಕೊಳ್ಳಬಹುದಾದ ಘಳಿಗೆ ಇದೊಂದೇ. ಬೀಸು ಶುರುವಾದ ಮೇಲೆ ಯೋಚನೆಗೆ ಸಮಯವಿಲ್ಲ.

ಬೆಂಗಳೂರಿನ ಅದಿತಿ ಅಶೋಕ್ 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯ ಸ್ಥಾನ ಪಡೆದ ಮೇಲೆ ಹೆಣ್ಣುಮಕ್ಕಳೂ ಈ ಆಟವನ್ನು ಕುತೂಹಲದಿಂದ ನೋಡುವಂತಾಗಿದೆ. ನೀಲಗಿರಿಯ ವಾಚಕರಿಗಂತೂ ಊಟಿ ಮತ್ತು ವೆಲ್ಲಿಂಗ್ಟನ್ ಜಿಮ್‌ಖಾನಾ ಕ್ಲಬ್ಬುಗಳ ಮೈದಾನಗಳು ಪರಿಚಿತವೇ. ಆದುದರಿಂದ ಮನೆಮಂದಿಗೆಲ್ಲ ತಿಳಿಯುವಂತೆ ಈ ವಿಷಯವನ್ನು ವಿವರಿಸುತ್ತೇವೆ. ಇಲ್ಲಿ ಹೇಳುವುದೆಲ್ಲ ಬಲಗೈಯಲ್ಲಿ ಆಡುವವರಿಗೆ. ಎಡಗೈಯವರು ಎಡಬಲ ಬದಲಿಸಿ ಓದಿಕೊಳ್ಳಬೇಕು.

ಮೊಣಕೈಯ ಗುಣ

ಬಟ್ಟೆ ವ್ಯಾಪಾರದವರಿಗೆ ಮೊಣಕೈ ಹೊಸದಲ್ಲ. ಅಲ್ಲಿಂದ ನಡುಬೆರಳಿನ ತುದಿಯವರೆಗೆ ಒಂದು ಮೊಳ ಎಂದು ನಮ್ಮ ಹಿರಿಯರು ಅಳೆದವರು. ಆದರೆ ಅದು ಯಾವ ಕಡೆ ಮುಖ ಮಾಡಿದೆ ಎಂದು ಯಾರೂ ಗಮನಿಸುವುದಿಲ್ಲ. ಒಂದು ಸಣ್ಣ ಪರೀಕ್ಷೆ ಮಾಡಿ ನೋಡಿ. ಎರಡೂ ಕೈಗಳನ್ನು ಮುಂದಕ್ಕೆ ಚಾಚಿ ಅಂಗೈಗಳನ್ನು ಜೋಡಿಸಿ. ಅಂಗೈಗಳನ್ನು ಅಲುಗಿಸದೆ ಮೊಣಕೈಯ ಮೂಳೆಗಳನ್ನು ಎರಡು ಪಕ್ಕಕ್ಕೆ ತಿರುಗಿಸಿ. ಆಮೇಲೆ ನೆಲದ ಕಡೆಗೆ ತಿರುಗಿಸಿ. ಅಂಗೈ ಇದ್ದಲ್ಲೇ ಇದ್ದು ಮೊಣಕೈ ಮಾತ್ರ ತಿರುಗುತ್ತದೆ. ಆ ತಿರುವು ಬರುವುದು ಹೆಗಲಿನ ಕೀಲಿನಿಂದ.

ಹೀಗಾಗಿ ಹಿಡಿತ ಸರಿಯಿದ್ದ ಮಾತ್ರಕ್ಕೆ ಮೊಣಕೈ ಸರಿಯಿರಬೇಕೆಂದಿಲ್ಲ. ಎರಡನ್ನೂ ಬೇರೆ ಬೇರೆಯಾಗಿಯೇ ನೋಡಿಕೊಳ್ಳಬೇಕು.

ನಿಲ್ಲುವ ಕ್ರಮ

ಮೊದಲು ಕೋಲಿಲ್ಲದೆ ನಿಲ್ಲಿ. ಪಾದಗಳ ನಡುವೆ ಹೆಗಲಿನಷ್ಟು ಅಂತರವಿರಲಿ. ಬೆನ್ನನ್ನು ಗೂನು ಮಾಡದೆ ತೊಡೆಯ ಸಂದಿನಿಂದ ಮುಂದಕ್ಕೆ ಬಾಗಿ, ಮಂಡಿಗಳನ್ನು ತುಸು ಸಡಿಲಿಸಿ. ಈಗ ತೋಳುಗಳನ್ನು ಹೆಗಲಿನಿಂದ ಸುಮ್ಮನೆ ಜೋತು ಬಿಡಿ. ತಕ್ಕಡಿಯ ತಟ್ಟೆಗಳು ತಮ್ಮ ಭಾರಕ್ಕೆ ತಾವೇ ಇಳಿಬಿದ್ದಂತೆ ಅವು ಇಳಿಯಬೇಕು. ಅವು ನಿಂತ ಜಾಗವೇ ಕೋಲು ಹಿಡಿಯುವ ಜಾಗ. ಚೆಂಡು ದೂರವಿದೆಯೆಂದು ಕೈ ಚಾಚಬೇಡಿ. ನೀವೇ ಒಂದು ಹೆಜ್ಜೆ ಹತ್ತಿರ ಹೋಗಿ. ಐರನ್ ಕೋಲಿನ ಹಿಡಿಕೆಯ ತುದಿಗೂ ತೊಡೆಗೂ ನಡುವೆ ಸುಮಾರು ಒಂದು ಮುಷ್ಟಿಯಷ್ಟು ಜಾಗ ಸಾಕು. ಉದ್ದನೆಯ ಡ್ರೈವರ್‌ಗೆ ಅದಕ್ಕಿಂತ ಸ್ವಲ್ಪ ಹೆಚ್ಚು.

ಎಡಗೈ ನೇರವಾಗಿರಲಿ, ಆದರೆ ಬಿಗಿದ ಬಡಿಗೆಯಂತಲ್ಲ. ಬಲಗೈ ಹಿಡಿಕೆಯಲ್ಲಿ ಎಡಗೈಗಿಂತ ಕೆಳಗಿರುವುದರಿಂದ ಬಲ ಹೆಗಲು ತಾನಾಗಿ ತುಸು ಇಳಿಯುತ್ತದೆ. ಅದರೊಂದಿಗೆ ಬಲ ಮೊಣಕೈಯನ್ನು ಸ್ವಲ್ಪ ಮಡಿಸಿ ಪಕ್ಕೆಯ ಹತ್ತಿರ ಬಿಡಿ. ಇಲ್ಲಿಯೇ ಹೆಚ್ಚಿನವರು ಎಡವುವುದು. ಬಲಗೈಯಲ್ಲಿ ಶಕ್ತಿ ಜಾಸ್ತಿ ಎಂದು ಅದನ್ನು ನೆಟ್ಟಗೆ ಚಾಚಿ ಬಿಗಿಯುತ್ತಾರೆ. ಆಗ ಬಲ ಹೆಗಲು ಮುಂದೆ ಬಂದು ಎರಡೂ ಹೆಗಲುಗಳು ಗುರಿಯಿಂದ ಎಡಕ್ಕೆ ತಿರುಗುತ್ತವೆ. ಕೋಲು ಹೊರಗಿನಿಂದ ಒಳಕ್ಕೆ ಚೆಂಡನ್ನು ಸವರಿಕೊಂಡು ಹೋಗುತ್ತದೆ. ಚೆಂಡು ಸುತ್ತುತ್ತಾ ಬಲಕ್ಕೆ ಬಾಗುತ್ತದೆ. ಇದನ್ನೇ ಸ್ಲೈಸ್ ಎನ್ನುವುದು. ವಾಚಕರ ದೂರಿನ ಮೂಲ ಬಹುಮಟ್ಟಿಗೆ ಇದೇ ಇರಬಹುದು.

ಹೋಗನ್ ಹೇಳಿದ ಮಾತು

ಈ ವಿಷಯದಲ್ಲಿ ಅಮೆರಿಕದ ಬೆನ್ ಹೋಗನ್ ಅವರಷ್ಟು ತಲೆ ಕೆಡಿಸಿಕೊಂಡವರು ವಿರಳ. 1949ರ ಫೆಬ್ರವರಿಯಲ್ಲಿ ಅವರ ಕಾರಿಗೆ ಬಸ್ಸೊಂದು ಎದುರಿನಿಂದ ಬಂದು ಬಡಿಯಿತು. ಮತ್ತೆ ನಡೆದಾರೆಯೇ ಎಂಬ ಸ್ಥಿತಿ. ಆದರೆ ಮರುವರ್ಷ ಜೂನ್‌ನಲ್ಲಿ ಅವರು ಅಮೆರಿಕದ ಓಪನ್ ಪಂದ್ಯವನ್ನೇ ಗೆದ್ದರು. 1957ರಲ್ಲಿ ತಮ್ಮ ವಿದ್ಯೆಯನ್ನೆಲ್ಲ ಐದು ಪಾಠಗಳಾಗಿ ಬರೆಸಿದರು. ಅದರಲ್ಲಿ ಬೀಸುವ ಮೊದಲಿನ ನಿಲುವಿಗೇ ಒಂದು ಪೂರ್ತಿ ಪಾಠ ಮೀಸಲು.

ಹೋಗನ್ ಹೇಳಿದ್ದು ಇಷ್ಟು: ಎರಡು ಮೊಣಕೈಗಳನ್ನೂ ಸಾಧ್ಯವಾದಷ್ಟು ಹತ್ತಿರ ತನ್ನಿ. ಎಡ ಮೊಣಕೈ ಎಡ ಸೊಂಟದ ಮೂಳೆಯನ್ನೂ ಬಲ ಮೊಣಕೈ ಬಲ ಸೊಂಟದ ಮೂಳೆಯನ್ನೂ ತೋರಿಸುತ್ತಿರಲಿ. ರಕ್ತಪರೀಕ್ಷೆಗೆ ಸೂಜಿ ಚುಚ್ಚುವ ಜಾಗವಿದೆಯಲ್ಲ, ಮೊಣಕೈಯ ಆ ಒಳಗುಳಿ ಆಕಾಶ ನೋಡುತ್ತಿರಲಿ. ಪಾಠದ ಚಿತ್ರದಲ್ಲಿ ಎರಡೂ ತೋಳುಗಳನ್ನು ಪಟ್ಟಿಯಿಂದ ಸುತ್ತಿದಂತೆ ತೋರಿಸಲಾಗಿದೆ. ಕಾರಣ ಸರಳ. ಹಾಗೆ ನಿಂತರೆ ಎರಡು ತೋಳು ಮತ್ತು ಕೋಲು ಒಂದೇ ಆಯುಧದಂತೆ ಚಲಿಸುತ್ತವೆ. ಹಿಂದಕ್ಕೆ ಎತ್ತುವಾಗ ಬಲ ಮೊಣಕೈ ಪಕ್ಕಕ್ಕೆ ಹಾರದೆ ಕೆಳಮುಖವಾಗಿ ಮಡಚುತ್ತದೆ.

ಇಲ್ಲೊಂದು ಎಚ್ಚರಿಕೆ ಅಗತ್ಯ. ದಿನವಿಡೀ ಗಲ್ಲೆಯ ಮುಂದೆ ಕುಳಿತು ಹೆಗಲು ಬಿಗಿದವರಿಗೆ ಒಳಗುಳಿ ಪೂರ್ತಿ ಮೇಲ್ಮುಖವಾಗಲಾರದು. ಬಲವಂತ ಮಾಡಿದರೆ ಕತ್ತು, ಹೆಗಲು ಎರಡೂ ಸೆಟೆಯುತ್ತವೆ. ಅಂಥವರು ಆ ದಿಕ್ಕಿಗೆ ತುಸು ತಿರುಗಿಸಿದರೆ ಸಾಕು. ತೋಳಿನ ಮೇಲ್ಭಾಗ ಎದೆಯ ಪಕ್ಕಕ್ಕೆ ಒರಗಿರಲಿ. ಒತ್ತಿ ಹಿಡಿಯುವುದು ಬೇಡ. ಇನ್ನು ಹೆಣ್ಣುಮಕ್ಕಳಲ್ಲಿ ಅನೇಕರ ಮೊಣಕೈ ನೆಟ್ಟಗೆ ಚಾಚಿದಾಗ ಹಿಂದಕ್ಕೂ ಸ್ವಲ್ಪ ಬಾಗುತ್ತದೆ. ಅವರು ಎಡಗೈಯನ್ನು ಪೂರ್ತಿ ಬಿಗಿಯದೆ ಎಳೆಯಷ್ಟು ಸಡಿಲ ಬಿಡುವುದು ಒಳ್ಳೆಯದು.

ಎಲ್ಲರಿಗೂ ಒಂದೇ ಅಚ್ಚು ಹೊಂದುವುದಿಲ್ಲ ಎಂಬುದಕ್ಕೆ ಹೋಗನ್ ಅವರ ಪಕ್ಕದಲ್ಲೇ ಉದಾಹರಣೆ ಇತ್ತು. 1960ರ ಅಮೆರಿಕದ ಓಪನ್ ಪಂದ್ಯದ ಕೊನೆಯ ದಿನ 47 ವರ್ಷದ ಹೋಗನ್ ಜೊತೆಯಲ್ಲಿ ಆಡಿದವರು 20 ವರ್ಷದ ಹವ್ಯಾಸಿ ಜಾಕ್ ನಿಕ್ಲಾಸ್. ಕೋಲು ಮೇಲಕ್ಕೆ ಹೋದಾಗ ನಿಕ್ಲಾಸ್ ಅವರ ಬಲ ಮೊಣಕೈ ಮೈಬಿಟ್ಟು ಹೊರಗೆ ಹೋಗುತ್ತಿತ್ತು. ಆ ಪಂದ್ಯ ಗೆದ್ದವರು ಆರ್ನಾಲ್ಡ್ ಪಾಮರ್, ಎರಡನೆಯವರು ನಿಕ್ಲಾಸ್. ಮುಂದೆ 1962ರಿಂದ 1986ರ ಒಳಗೆ ಅದೇ ಮೊಣಕೈಯಿಂದ ಅವರು 18 ಮೇಜರ್ ಪಂದ್ಯಗಳನ್ನು ಗೆದ್ದರು. ಆದ್ದರಿಂದ ಬೀಸಿನ ನಡುವೆ ನಿಮ್ಮ ಮಗನ ಮೊಣಕೈ ತುಸು ಹೊರಹೋಯಿತೆಂದು ಗದರಬೇಡಿ. ಆದರೆ ನಿಂತ ನಿಲುವಿನಲ್ಲಿ ತೋಳು ಬಿಗಿದಿದ್ದರೆ ಮಾತ್ರ ತಿದ್ದಿ.

ಮನೆಯಲ್ಲೇ ಪರೀಕ್ಷೆ

1. ಕನ್ನಡಿಗೆ ಬಲಮಗ್ಗುಲಾಗಿ ನಿಂತು ಕೋಲು ಹಿಡಿಯಿರಿ. ಬಲ ಮುಂಗೈಯ ಆಚೆ ಎಡ ಮುಂಗೈ ಸ್ವಲ್ಪ ಕಾಣಬೇಕು. ಬಲಗೈ ಅದನ್ನು ಪೂರ್ತಿ ಮರೆಮಾಡಿದರೆ ಬಲಗೈ ಬಿಗಿದಿದೆ ಎಂದರ್ಥ.

2. ಇನ್ನೊಬ್ಬರಿಂದ ಎರಡೂ ಮುಂಗೈಗಳ ಮೇಲೆ ಅಡ್ಡವಾಗಿ ಒಂದು ನೇರ ಕೋಲು ಇಡಿಸಿ. ಅದು ಗುರಿಯ ಗೆರೆಗೆ ಸಮಾನಾಂತರವಾಗಿದ್ದರೆ ಸರಿ. ಎಡಕ್ಕೆ ತಿರುಗಿದ್ದರೆ ಬಲ ಮೊಣಕೈಯನ್ನು ಮಡಿಸಿ.

3. ಎರಡೂ ಕಂಕುಳಲ್ಲಿ ಸಿಗುವಂತೆ ಎದೆಯ ಮೇಲೆ ಅಡ್ಡಲಾಗಿ ಟವೆಲ್ ಇಟ್ಟು ಸೊಂಟದ ಎತ್ತರಕ್ಕೆ ಮಾತ್ರ ನಿಧಾನವಾಗಿ ಬೀಸಿ. ಟವೆಲ್ ಬೀಳದಿದ್ದರೆ ತೋಳು ಮೈಯೊಂದಿಗೆ ಚಲಿಸುತ್ತಿದೆ. ಚಿಕ್ಕ ಮಕ್ಕಳನ್ನು ದೂರ ನಿಲ್ಲಿಸಿಯೇ ಇದನ್ನು ಮಾಡಬೇಕು.

ನೋವಿನ ಮಾತು

ಮೊಣಕೈಯ ಒಳಬದಿಯ ನೋವಿಗೆ ವೈದ್ಯರು ಗಾಲ್ಫರ್ಸ್ ಎಲ್ಬೋ ಎನ್ನುತ್ತಾರೆ; ಹೊರಬದಿಯದಕ್ಕೆ ಟೆನಿಸ್ ಎಲ್ಬೋ. ಗಾಲ್ಫ್ ಆಡುವವರಿಗೆ ಎರಡೂ ಬರುತ್ತವೆ. ಮಣಿಕಟ್ಟನ್ನು ಆಡಿಸುವ ಸ್ನಾಯುಗಳು ಮೊಣಕೈಯ ಮೂಳೆಗೆ ಅಂಟಿಕೊಂಡಿರುವಲ್ಲಿ ಎಳೆತ ಹೆಚ್ಚಾಗಿ ಈ ನೋವು ಹುಟ್ಟುತ್ತದೆ. ಕೋಲನ್ನು ಬಿಗಿಯಾಗಿ ಹಿಡಿಯುವುದು, ಚೆಂಡಿನ ಹಿಂದೆ ನೆಲಕ್ಕೆ ಬಡಿಯುವುದು, ಒಂದೇ ದಿನ ಅತಿಯಾಗಿ ಆಡುವುದು, ಇವು ಮುಖ್ಯ ಕಾರಣಗಳು. ಬಿಗಿದ ಮೊಣಕೈಗೆ ನೆಲದ ಪೆಟ್ಟು ನೇರವಾಗಿ ತಗಲುತ್ತದೆ. ಸಡಿಲ ತೋಳು ಅದನ್ನು ಅಷ್ಟಿಷ್ಟು ನುಂಗಿಕೊಳ್ಳುತ್ತದೆ. ಅಂಗಡಿಯಲ್ಲಿ ಮೂಟೆ ಎತ್ತುವ ಕೈಗೂ ದಿನವಿಡೀ ಬರೆಯುವ ಕೈಗೂ ಇದೇ ನೋವು ಬರಬಹುದು. ಹಾಗಿರುವಾಗ ಆಟದ ಎಳೆತವೂ ಸೇರಿದರೆ ವಾಸಿಯಾಗಲು ತಿಂಗಳುಗಳೇ ಬೇಕಾದೀತು.

ನೋವು ಕಂಡ ಕೂಡಲೇ ಆಟಕ್ಕೆ ಬಿಡುವು ಕೊಡಿ. ವಿಶ್ರಾಂತಿಯಿಂದ ಇಳಿಯದಿದ್ದರೆ, ಅಥವಾ ಉಂಗುರ ಬೆರಳು ಮತ್ತು ಕಿರುಬೆರಳು ಜೋಮು ಹಿಡಿಯುತ್ತಿದ್ದರೆ ವೈದ್ಯರಿಗೆ ತೋರಿಸಲೇಬೇಕು. ನೋವಿನ ಮಾತ್ರೆ ನುಂಗಿ ಆಡುವುದು ಸಲ್ಲದು.

ಚೆಂಡಿನ ತೂಕ 46 ಗ್ರಾಮನ್ನೂ ಮೀರುವುದಿಲ್ಲ. ಅಷ್ಟು ಹಗುರವಾದುದನ್ನು ಹೊಡೆಯಲು ತೋಳು ಬಿಗಿಯುವ ಅಗತ್ಯವೇ ಇಲ್ಲ. ಒಂದು ತಿಂಗಳು ಪ್ರತಿದಿನ ಐದು ನಿಮಿಷ ಕನ್ನಡಿಯ ಮುಂದೆ ನಿಂತು ನೋಡಿ. ಹೊಸ ಕ್ಲಬ್‌ನ ವಿಚಾರ ಆಮೇಲೆ ಮಾಡಿದರಾಯಿತು.

ಮುಂದಿನ ಸಂಚಿಕೆಯಲ್ಲಿ ಪಾದಗಳ ಅಂತರ ಮತ್ತು ಚೆಂಡು ಇಡುವ ಸ್ಥಾನವನ್ನು ಕುರಿತು ಬರೆಯುತ್ತೇವೆ.