ಬಿಸಿಯಾದದ್ದು ಟ್ರಾನ್ಸ್‌ಫಾರ್ಮರ್, ತಪ್ಪು ಮಾಡಿದ್ದು ನಾವು

ಹಲಸಿನ ಹಣ್ಣಿನ ಕಾಲದಲ್ಲಿ ನಾವು ಮೂವರು ಗೆಳೆಯನ ಊರು ಚೇಳೂರಿಗೆ ಹೋಗಿದ್ದೆವು. ಹೋಗಿದ್ದು ಹಣ್ಣು ತಿನ್ನೋಕೆ. ಆದರೆ ಅವರ ಅಜ್ಜ, "ಇಂಜಿನಿಯರಿಂಗ್ ಓದೋ ಹುಡುಗ್ರು ಬಂದವ್ರೆ, ಈ ಆಂಪ್ಲಿಫೈಯರ್ ನೋಡ್ರಪ್ಪ" ಅಂದುಬಿಟ್ರು.

ಆನ್ ಮಾಡಿದರೆ ಹಾಡಿಲ್ಲ, ಬರೀ 'ಗುಂಯ್'. ಐದು ನಿಮಿಷಕ್ಕೆ ಟ್ರಾನ್ಸ್‌ಫಾರ್ಮರ್ ಮೇಲೆ ಕೈ ಇಡೋಕಾಗಲ್ಲ, ವಾರ್ನಿಷ್ ಸುಟ್ಟ ವಾಸನೆ. ಸದ್ದು ಅಲ್ಲಿಂದ, ಬಿಸಿ ಅಲ್ಲಿಂದ. ಅಂದ್ಮೇಲೆ ಕೆಟ್ಟಿರೋದು ಅದೇ ಅಂತ ತೀರ್ಮಾನಿಸಿ, 600 ರೂಪಾಯಿ ಕೊಟ್ಟು ಹೊಸದು ತಂದು ಹಾಕಿದೆವು. ಅದೂ ಗುಂಯ್ ಅಂತು. ಅದೂ ಬಿಸಿ ಆಯ್ತು. ಅಜ್ಜ ಏನೂ ಅನ್ನಲಿಲ್ಲ, ಅದೇ ನಮಗೆ ಜಾಸ್ತಿ ನಾಚಿಕೆ.

ಕೊನೆಗೆ ರೇಡಿಯೋ ರಿಪೇರಿಯವರ ಹತ್ತಿರ ಒಯ್ದೆವು. ಅವರು ಮೊದಲು ಮೇನ್ಸ್‌ಗೆ ಸೀರೀಸಲ್ಲಿ 100 ವ್ಯಾಟಿನ ಹಳೇ ಬಲ್ಬ್ ಹಾಕಿದರು. ಏನೇ ಶಾರ್ಟ್ ಇದ್ದರೂ 230 ವೋಲ್ಟಿಗೆ ಅರ್ಧ ಆಂಪಿಯರಿಗಿಂತ ಹೆಚ್ಚು ಹರಿಯಲ್ಲ. ಆಮೇಲೆ ಸೆಕೆಂಡರಿ ತಂತಿಗಳನ್ನು ಬೋರ್ಡಿಂದ ಬಿಡಿಸಿದರು. ಬಲ್ಬ್ ಉರಿಯಲಿಲ್ಲ. ನಮ್ಮ ಹಳೆಯದನ್ನೂ ಹಾಗೇ ನೋಡಿದರು. ಅದೂ ಸರಿಯಾಗೇ ಇತ್ತು! ಬೋರ್ಡಿಗೆ ಜೋಡಿಸಿದ ಕೂಡಲೇ ಬಲ್ಬ್ ಉರೀತು. ಮಲ್ಟಿಮೀಟರ್ ಹಿಡಿದರೆ ಬ್ರಿಡ್ಜಿನ ಒಂದು ಡಯೋಡ್ ಎರಡೂ ಕಡೆಗೆ ಸೊನ್ನೆ ತೋರಿಸ್ತು. "ಪಾಪ, ಅದೇನ್ ಮಾಡತ್ತೆ? ಮುಂದೆ ಯಾರೋ ಎಳೀತಾವ್ರೆ, ಇದು ಹೊರೆ ಹೊರ್ತೈತೆ" ಅಂದ್ರು. ನಾಲ್ಕೂ ಡಯೋಡ್ ಬದಲಿಸಿದರು. ಬಲ್ಬ್ ಒಮ್ಮೆ ಮಿಂಚಿ ಮಂಕಾಯ್ತು, ಹಾಡು ಬಂತು.

ಕರೆಂಟ್ ಎರಡು ಪಟ್ಟಾದರೆ ತಂತಿಯ ಬಿಸಿ ನಾಲ್ಕು ಪಟ್ಟು. 50 ಹರ್ಟ್ಸ್ ಕರೆಂಟಿಗೆ ಕಬ್ಬಿಣದ ಕೋರ್ 100 ಹರ್ಟ್ಸಲ್ಲಿ ಗುನುಗುತ್ತೆ. ಇದೆಲ್ಲ ನಮಗೆ ಗೊತ್ತಿತ್ತು. ಅವರು ಸೆಕೆಂಡರಿ ಬಿಡಿಸಿ ನೋಡಿದ್ದು ನಾವು ರೆಕಾರ್ಡಲ್ಲಿ ನೀಟಾಗಿ ಬರೆದ ಓಪನ್ ಸರ್ಕ್ಯೂಟ್ ಟೆಸ್ಟಿನ ಅಣ್ಣನೇ. ಆದರೆ ನಮ್ಮ ಲ್ಯಾಬಿನಲ್ಲಿ ಟ್ರಾನ್ಸ್‌ಫಾರ್ಮರ್ ಯಾವತ್ತೂ ಕೆಟ್ಟಿರಲ್ಲ. ರೀಡಿಂಗ್ ಬರುತ್ತೆ, ಸಹಿ ಬೀಳುತ್ತೆ, ಮುಗೀತು. ಕೆಟ್ಟದ್ದನ್ನೇ ನೋಡದವರಿಗೆ ಹುಡುಕೋದು ಹೇಗೆ ಬರಬೇಕು?

ಇದು ಬರೀ ಮಾರ್ಕ್ಸಿನ ಮಾತಲ್ಲ. ಆ ಪೆಟ್ಟಿಗೆಯಲ್ಲಿ ಫ್ಯೂಸ್ ಜಾಗಕ್ಕೆ ಯಾರೋ ಯಾವಾಗಲೋ ದಪ್ಪ ತಾಮ್ರದ ತಂತಿ ಸುತ್ತಿದ್ದರು. ನಾವು ಎರಡು ಸಲ ಬಿಚ್ಚಿ ಮುಚ್ಚಿದರೂ ಗಮನಿಸಲಿಲ್ಲ. ಆನ್ ಮಾಡಿಟ್ಟು ಎಲ್ಲರೂ ತೋಟಕ್ಕೆ ಹೋಗಿದ್ದರೆ ಮನೆ ಏನಾಗ್ತಿತ್ತೋ!

ಅದಕ್ಕೇ ನಮ್ಮ ಕೋರಿಕೆ ಇಷ್ಟೇ: ಸೆಮಿಸ್ಟರಿಗೆ ಒಂದು ಲ್ಯಾಬ್ ಆದರೂ ಕೆಟ್ಟ ಸಾಮಾನಿನ ಮೇಲೆ ನಡೀಲಿ. ಒಂದು ದಿನ ರಿಪೇರಿಯವರನ್ನೇ ಕರೆಸೋಣ, ಅವರು ಕನ್ನಡದಲ್ಲೇ ಹೇಳಲಿ. 'ವೈಂಡಿಂಗ್' ಅಂತ ಬಾಯಿಪಾಠ ಮಾಡಿದ್ದ ನಮಗೆ ಅವರು 'ಸುತ್ತು' ಅಂದಾಗಲೇ ಅದು ಕಣ್ಣಿಗೆ ಕಟ್ಟಿದ್ದು.

ಅಂದಹಾಗೆ, ಆ 600 ರೂಪಾಯಿಯನ್ನು ನಾವು ಮೂವರೂ ಹಂಚಿಕೊಂಡು ಅಜ್ಜನಿಗೆ ವಾಪಸ್ ಕೊಟ್ಟೆವು. ಫ್ಯೂಸನ್ನೂ ಸರಿಯಾದದ್ದೇ ಹಾಕಿ ಬಂದೆವು.