ಹಿರಿಯರ ಹಣಕ್ಕೆ ಗಡುವು ಬೇಡವೇ?



ವೃದ್ಧರನ್ನು ವಂಚಿಸುವವರಿಗೆ ಶಿಕ್ಷೆ ಹೆಚ್ಚಬೇಕೆಂಬ ಮಾತು ಆಗಾಗ ಕೇಳಿಬರುತ್ತದೆ. ಹೆಚ್ಚಲಿ, ಬೇಡವೆನ್ನುವವರು ಯಾರು? ಆದರೆ ಬೆಂಗಳೂರಿನ ಶಿವಾಜಿನಗರದ ಐಎಂಎ ಹೂಡಿಕೆ ಹಗರಣ ಕಂಡ ನಮಗೆ ಕೊರತೆ ಬೇರೆ ಕಡೆ ಕಾಣುತ್ತದೆ.

2019ರ ಜೂನ್‌ನಲ್ಲಿ ಲೇಡಿ ಕರ್ಜನ್ ರಸ್ತೆಯ ಐಎಂಎ ಆಭರಣ ಮಳಿಗೆ ಬಾಗಿಲು ಹಾಕಿದಾಗ ಮುಂದೆ ನೆರೆದವರಲ್ಲಿ ತಲೆ ನರೆತವರೂ ಇದ್ದರು. ಕೈಯಲ್ಲಿ ಪ್ಲಾಸ್ಟಿಕ್ ಕವರು, ಒಳಗೆ ಒಪ್ಪಂದದ ಕಾಗದ. ಆ ಕಾಗದದ ಪ್ರಕಾರ ಅವರು ಠೇವಣಿದಾರರೇ ಅಲ್ಲ, ಪಾಲುದಾರರು! ಠೇವಣಿ ಎಂದರೆ ರಿಸರ್ವ್ ಬ್ಯಾಂಕಿನ ನಿಯಮ ಅಡ್ಡ ಬರುತ್ತದಲ್ಲ. ಬಡ್ಡಿ ಮುಟ್ಟದ ಮನೆಗಳಿಗೆ ‘ಹಲಾಲ್ ಲಾಭ’ ಎಂಬ ಮಾತೇ ಸಾಕಿತ್ತು. ‘ಅತಿಯಾಸೆ ಗತಿಗೇಡು’ ಎಂದು ಆಮೇಲೆ ಬುದ್ಧಿ ಹೇಳಿದವರಿಗೆ ಬರವಿರಲಿಲ್ಲ. ತಿಂಗಳ ಮಾತ್ರೆಗೂ ಮನೆ ಬಾಡಿಗೆಗೂ ಆ ದುಡ್ಡನ್ನೇ ನೆಚ್ಚಿದ್ದ ಮುದುಕಿಯದು ಅತಿಯಾಸೆಯೇ?

ವಂಚನೆಗೆ ಆಗ ಐಪಿಸಿ 420, ಈಗ ಭಾರತೀಯ ನ್ಯಾಯ ಸಂಹಿತೆಯ 318(4). ಎರಡರಲ್ಲೂ 7 ವರ್ಷದವರೆಗೆ ಸಜೆ. ಮೋಸಹೋದವರ ವಯಸ್ಸು ಲೆಕ್ಕಕ್ಕಿಲ್ಲ. ಅಮೆರಿಕದಲ್ಲಿ 55 ದಾಟಿದವರನ್ನು ಗುರಿಯಾಗಿಸಿದ ಟೆಲಿಮಾರ್ಕೆಟಿಂಗ್ ವಂಚನೆಗೆ ಮಾಮೂಲಿ ಶಿಕ್ಷೆಯ ಮೇಲೆ 10 ವರ್ಷದವರೆಗೆ ಹೆಚ್ಚುವರಿ ಸಜೆ ಇದೆ. ನಮ್ಮಲ್ಲೂ 2019ರ ಅನಿಯಂತ್ರಿತ ಠೇವಣಿ ನಿಷೇಧ ಕಾಯ್ದೆಯಡಿ ದುಡ್ಡು ಮುಳುಗಿಸಿದವರಿಗೆ 10 ವರ್ಷದವರೆಗೆ ಜೈಲು, ಸಂಗ್ರಹಿಸಿದ ಹಣದ ಎರಡರಷ್ಟರವರೆಗೆ ದಂಡ. ಕಾಗದದ ಮೇಲೆ ಬಿಗಿಯಾಗಿಯೇ ಇದೆ.

ಐಎಂಎ ಪ್ರಕರಣಕ್ಕೆ ಎಸ್‌ಐಟಿ ಬಂತು, ಸಿಬಿಐ ಬಂತು, ಸಕ್ಷಮ ಪ್ರಾಧಿಕಾರವೂ ಬಂತು. ಆಸ್ತಿ ಜಪ್ತಿಯಾಯಿತು. ಕಟ್ಟಿದ ದುಡ್ಡು ಮಾತ್ರ ವರ್ಷಗಳು ಕಳೆದರೂ ಪೂರ್ತಿ ಕೈಸೇರಿಲ್ಲ. ಎಪ್ಪತ್ತು ದಾಟಿದವರಿಗೆ ಇಷ್ಟು ಕಾಯಿಸುವುದೂ ಒಂದು ಶಿಕ್ಷೆಯೇ, ಅದೂ ತಪ್ಪು ಮಾಡದವರಿಗೆ.

ಮಕ್ಕಳಿಂದ ಜೀವನಾಂಶ ಕೇಳಿದ ಹಿರಿಯರ ಅರ್ಜಿಯನ್ನು ನೋಟಿಸ್ ಜಾರಿಯಾದ 90 ದಿನಗಳೊಳಗೆ ಇತ್ಯರ್ಥಪಡಿಸಬೇಕೆಂದು 2007ರ ಹಿರಿಯ ನಾಗರಿಕರ ಕಾಯ್ದೆ ಹೇಳುತ್ತದೆ. ಹೆತ್ತ ಮಗನ ಮೇಲಿನ ದೂರಿಗೆ ಇರುವ ಅವಸರ, ದುಡ್ಡು ನುಂಗಿದ ಪರಕೀಯನ ಮೇಲಿನ ದೂರಿಗೆ ಏಕಿಲ್ಲ?

ಠೇವಣಿದಾರರ ಹಿತರಕ್ಷಣೆಯ 2004ರ ಕೆಪಿಐಡಿ ಕಾಯ್ದೆ ನಮ್ಮ ರಾಜ್ಯದ್ದೇ. ಅರವತ್ತು ದಾಟಿದವರ ಕ್ಲೇಮು ಮೊದಲು, ಅದೂ ಗಡುವಿನೊಳಗೆ ಎಂಬ ತಿದ್ದುಪಡಿ ತರಲು ಮೊದಲ ಹೆಜ್ಜೆ ವಿಧಾನಸೌಧದಲ್ಲೇ ಇಡಬಹುದು. ಶಿವಾಜಿನಗರದಿಂದ ಕೆ.ಆರ್. ಪುರದವರೆಗಿನ ಶಾಸಕರು ಪಕ್ಷಭೇದ ಮರೆತು ಮುಂದಿನ ಅಧಿವೇಶನದಲ್ಲಿ ಇದನ್ನು ಎತ್ತಲಿ.

– ಒಬ್ಬ ನಿವೃತ್ತ ನೌಕರ, ಹಲಸೂರು